ಕುಡಿತದ ವಿಷವೇರಿದಾಗ ಕಾಗದದಲ್ಲಿ ಏನು ಬರೆಯಿಸಬೇಕು?



ಮಣ್ಣು ಪರೀಕ್ಷೆಗೆಂದು ನಿಮ್ಮ ಹೊಲಗಳಿಗೆ ಬಂದಾಗಲೆಲ್ಲ ನಾನು ಒಂದು ಮಾತನ್ನು ತಪ್ಪದೆ ಹೇಳುತ್ತೇನೆ. ಗುಂಡಿ ತೋಡಿ, ಮಣ್ಣು ತೆಗೆದು, ನಾಲ್ಕು ಪಾಲು ಮಾಡಿ, ಕಡೆಗೆ ಉಳಿದ ಅರ್ಧ ಕಿಲೋ ಮಣ್ಣನ್ನು ಚೀಲಕ್ಕೆ ತುಂಬಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಜೊತೆಗೆ ಇಡುವ ಚೀಟಿ ಸರಿಯಾಗಿರಬೇಕು. ಚೀಟಿಯಲ್ಲಿ ಸರ್ವೆ ನಂಬರು ತಪ್ಪಿದರೆ ಪ್ರಯೋಗಶಾಲೆಯವರು ಎಷ್ಟು ಚೆನ್ನಾಗಿ ಪರೀಕ್ಷೆ ಮಾಡಿದರೂ ಪ್ರಯೋಜನವಿಲ್ಲ. ಕೆರೆಯಂಚಿನ ಗದ್ದೆಗೆ ಬರಬೇಕಾದ ಸಲಹೆ ದಿಣ್ಣೆಯ ಹೊಲಕ್ಕೆ ಬರುತ್ತದೆ. ಬಿತ್ತಿದ ಬೀಜ ಮೊಳೆಯದೆ ಹೋದಾಗಲೂ ಹೀಗೆಯೇ. ಚೀಲದ ಚೀಟಿಯನ್ನೂ ಅಂಗಡಿಯ ರಸೀದಿಯನ್ನೂ ಜೋಪಾನವಾಗಿ ಇಟ್ಟವನ ದೂರು ನಿಲ್ಲುತ್ತದೆ. ಚೀಲವನ್ನು ಎಸೆದವನ ಮಾತಿಗೆ ಆಧಾರವಿರುವುದಿಲ್ಲ.

ಈ ಸಲದ ಪಾಠವೂ ಒಂದು ಚೀಟಿಯನ್ನು ಕುರಿತದ್ದೇ. ಆದರೆ ಅದು ಮಣ್ಣಿನ ಚೀಟಿಯಲ್ಲ, ಮನುಷ್ಯನ ಚೀಟಿ. ಕಳ್ಳಭಟ್ಟಿಯನ್ನೋ ಬೇರೆ ಮದ್ಯವನ್ನೋ ಕುಡಿದು ವಿಷವೇರಿದವರನ್ನು ಆಸ್ಪತ್ರೆಗೆ ಒಯ್ದಾಗ ಅಲ್ಲಿ ಏನು ಹೇಳಬೇಕು, ವೈದ್ಯರು ಏನು ಬರೆಯುತ್ತಾರೆ, ಬರೆದದ್ದು ಮುಂದೆ ಎಲ್ಲಿಗೆ ಹೋಗುತ್ತದೆ, ತಪ್ಪಾಗಿ ಬರೆಯಿಸಿದರೆ ಯಾರಿಗೆ ನಷ್ಟ ಎಂಬುದನ್ನು ತಿಳಿಸುವುದೇ ಇದರ ಉದ್ದೇಶ. ನಾನು ಓದಿದ್ದು ಕೃಷಿ ಡಿಪ್ಲೊಮಾ, ನಾನು ವೈದ್ಯನಲ್ಲ. ಹೀಗಿದ್ದೂ ಇದನ್ನು ಬರೆಯಲು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಬಾಯಿ ಬಿಡದೆ ನಿಂತದ್ದು

ನನ್ನ ಸುತ್ತಿನ ಒಂದು ಹಳ್ಳಿಯಲ್ಲಿ ನಲವತ್ತರ ಆಸುಪಾಸಿನ ರೈತರೊಬ್ಬರು ಒಂದು ಸಂಜೆ ಭಟ್ಟಿ ಕುಡಿದು ಮನೆಗೆ ಬಂದರು. ರಾತ್ರಿ ಉಂಡು ಮಲಗಿದರು. ಬೆಳಗ್ಗೆ ಎದ್ದು ದನಗಳಿಗೆ ಮೇವನ್ನೂ ಹಾಕಿದರು. ಬಿಸಿಲೇರುವ ಹೊತ್ತಿಗೆ ಹೊಟ್ಟೆನೋವು, ವಾಂತಿ, ತಲೆನೋವು ಒಟ್ಟಿಗೆ ಹಿಡಿದವು. 'ಕಣ್ಣಿಗೆ ಮಂಜು ಕವಿದ ಹಾಗಿದೆ' ಎಂದು ಹೆಂಡತಿಗೆ ಹೇಳಿದರು. ಆ ದಿನ ನಾನು ಆ ಊರಿನಲ್ಲೇ ಇದ್ದೆನಾದ್ದರಿಂದ ಅವರ ಅಣ್ಣನೂ ನಾನೂ ಸೇರಿ ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆವು.

'ಏನಾದರೂ ಕುಡಿದಿದ್ದರೇ?' ಎಂದು ವೈದ್ಯರು ಕೇಳಿದರು. 'ಇಲ್ಲ ಸ್ವಾಮಿ, ರಾತ್ರಿ ಉಂಡದ್ದು ಸೇರಲಿಲ್ಲ' ಎಂದು ಅಣ್ಣ ಹೇಳಿದರು. ಆ ಮನೆಯ ಮಗಳಿಗೆ ಆಗ ಗಂಡು ನೋಡುತ್ತಿದ್ದರು. ಮನೆಯ ಮಾನ ಎಂಬ ಭಯ ಅವರದು. ಹಿಂದಿನ ಸಂಜೆಯ ಸಂಗತಿ ನನಗೆ ಗೊತ್ತಿತ್ತು. ಆದರೆ ಹಿರಿಯರ ಮಾತಿಗೆ ಎದುರಾಡಬಾರದೆಂದು ನಾನು ಸುಮ್ಮನೆ ನಿಂತೆ. ಚೀಟಿಯಲ್ಲಿ 'ವಾಂತಿ, ಹೊಟ್ಟೆನೋವು' ಎಂದು ಬಿತ್ತು. ಅದಕ್ಕೆ ತಕ್ಕ ಔಷಧಿಯೇ ದೊರೆಯಿತು. ಸಂಜೆಗೆ ಮನೆಗೆ ಮರಳಿದೆವು.

ರಾತ್ರಿ ಅವರಿಗೆ ಉಸಿರು ಜೋರಾಯಿತು. ದೀಪ ಹಚ್ಚಿದರೂ 'ಕತ್ತಲೆ' ಎನ್ನತೊಡಗಿದರು. ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಒಯ್ದಾಗ ಅವರ ಹೆಂಡತಿ ಮುಂದೆ ಬಂದು, 'ಭಾವ ಬೈದರೆ ಬೈಯಲಿ ಸ್ವಾಮಿ, ನಿನ್ನೆ ಸಂಜೆ ಭಟ್ಟಿ ಕುಡಿದಿದ್ದಾರೆ' ಎಂದರು. ಅಲ್ಲಿಂದ ಮುಂದೆ ಚಿಕಿತ್ಸೆಯ ದಾರಿಯೇ ಬದಲಾಯಿತು. ಪ್ರಾಣ ಉಳಿಯಿತು. ದೃಷ್ಟಿ ಮರಳಲಿಲ್ಲ. ಇಂದು ಅವರು ಮಗನ ಹೆಗಲ ಮೇಲೆ ಕೈಯಿಟ್ಟು ಹೊಲಕ್ಕೆ ಹೋಗುತ್ತಾರೆ. ಹೆಸರು ಹೇಳದೆ ಇದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಆ ಮಧ್ಯಾಹ್ನ ನಾನು ಒಂದು ಮಾತು ಹೇಳಿದ್ದರೆ ಕಣ್ಣು ಉಳಿಯುತ್ತಿತ್ತೋ ಇಲ್ಲವೋ ಯಾರೂ ಖಚಿತವಾಗಿ ಹೇಳಲಾರರು. ಆದರೆ ಚಿಕಿತ್ಸೆಯ ಅರ್ಧ ದಿನ ಉಳಿಯುತ್ತಿತ್ತೆಂಬುದು ಖಂಡಿತ.

ವಿಷ ಎರಡು ಬಗೆ

ಕುಡಿಯುವ ಮದ್ಯದಲ್ಲಿರುವುದು ಎಥನಾಲ್, ಅಂದರೆ ಈಥೈಲ್ ಆಲ್ಕೋಹಾಲ್. ಇದು ಕೂಡ ಮಿತಿ ಮೀರಿದರೆ ವಿಷವೇ. ಮೆದುಳನ್ನು ಮಂಕಾಗಿಸಿ ಉಸಿರಾಟವನ್ನು ನಿಧಾನಗೊಳಿಸುತ್ತದೆ. ಎಚ್ಚರ ತಪ್ಪಿದವನ ಬಾಯಿಗೆ ಬಂದ ವಾಂತಿ ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟುವುದೂ ಉಂಟು.

ಎರಡನೆಯದು ಮೆಥನಾಲ್, ಅಂದರೆ ಮಿಥೈಲ್ ಆಲ್ಕೋಹಾಲ್. ಇದು ತಿನ್ನರ್, ವಾರ್ನಿಷ್ ಮುಂತಾದ ಕೈಗಾರಿಕೆಯ ಸಾಮಾನುಗಳಿಗೆ ಬಳಸುವ ದ್ರವ, ಕುಡಿಯಲು ಅಲ್ಲ. ನೋಟದಲ್ಲಿಯೂ ವಾಸನೆಯಲ್ಲಿಯೂ ಮದ್ಯದಂತೆಯೇ ಇರುವುದರಿಂದ ಹಣದಾಸೆಯ ಜನ ಇದನ್ನು ಕಳ್ಳ ಸಾರಾಯಿಗೆ ಬೆರೆಸುತ್ತಾರೆ. ಕುಡಿದವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮ ಯಕೃತ್ತು ಇದನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿಯೂ ಅನಂತರ ಫಾರ್ಮಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತದೆ. ಈ ಆಮ್ಲವೇ ರಕ್ತವನ್ನು ಹುಳಿಯಾಗಿಸಿ ಕಣ್ಣಿನ ನರವನ್ನು ಸುಡುತ್ತದೆ. ಸುಮಾರು ೧೦ ಮಿಲಿಲೀಟರ್ ಶುದ್ಧ ಮೆಥನಾಲ್ ದೃಷ್ಟಿಯನ್ನು ಕಳೆಯಬಲ್ಲದು. ಸುಮಾರು ೩೦ ಮಿಲಿಲೀಟರ್ ಪ್ರಾಣವನ್ನೇ ತೆಗೆಯಬಲ್ಲದು.

ಇದರಲ್ಲಿ ಮೋಸ ಮಾಡುವುದು ಕಾಲ. ಆಮ್ಲವಾಗಿ ಮಾರ್ಪಡಲು ಹೊತ್ತು ಬೇಕಾದ್ದರಿಂದ ಲಕ್ಷಣಗಳು ಸಾಮಾನ್ಯವಾಗಿ ೧೨ರಿಂದ ೨೪ ಗಂಟೆಗಳ ಮೇಲೆ ಕಾಣಿಸಿಕೊಳ್ಳುತ್ತವೆ. ಜೊತೆಯಲ್ಲಿ ಮಾಮೂಲು ಮದ್ಯವೂ ಸೇರಿದ್ದರೆ ಇನ್ನೂ ತಡವಾಗಬಹುದು. ರಾತ್ರಿ ಕುಡಿದವನು ಬೆಳಗ್ಗೆ ಚೆನ್ನಾಗಿದ್ದಾನೆಂದರೆ ಅಪಾಯ ಕಳೆಯಿತೆಂದು ತಿಳಿಯಬಾರದು. ಇದಕ್ಕೆ ಮದ್ದಿದೆ. ಆಮ್ಲವಾಗುವುದನ್ನು ತಡೆಯುವ ಔಷಧಿ, ರಕ್ತದ ಹುಳಿಯನ್ನು ಇಳಿಸುವ ಔಷಧಿ, ವಿಷವನ್ನು ಹೊರತೆಗೆಯುವ ಡಯಾಲಿಸಿಸ್ ಇವೆಲ್ಲ ದೊಡ್ಡ ಆಸ್ಪತ್ರೆಗಳಲ್ಲಿವೆ. ಆದರೆ ಏನು ಕುಡಿದದ್ದೆಂಬ ಸುಳಿವು ಸಿಗದಿದ್ದರೆ ಈ ದಾರಿಯನ್ನು ಹಿಡಿಯುವುದು ತಡವಾಗುತ್ತದೆ.

ಮೊದಲು ಮಾಡಬೇಕಾದದ್ದು

ಕೂಗಿದರೂ ಚಿವುಟಿದರೂ ಏಳದಿರುವುದು, ನಿಮಿಷಕ್ಕೆ ಎಂಟಕ್ಕಿಂತ ಕಡಮೆ ಉಸಿರು, ಉಸಿರುಗಳ ನಡುವೆ ಹತ್ತು ಸೆಕೆಂಡಿಗೂ ಹೆಚ್ಚಿನ ಬಿಡುವು, ಮೈ ತಣ್ಣಗಾಗುವುದು, ತುಟಿ ನೀಲಿಯಾಗುವುದು, ಕಣ್ಣು ಮಂಜಾಗುವುದು, ಕುಡಿದ ಮರುದಿನ ಹೊಟ್ಟೆನೋವು ವಾಂತಿಗಳ ಜೊತೆ ಉಸಿರು ಜೋರಾಗುವುದು – ಇವುಗಳಲ್ಲಿ ಒಂದು ಕಂಡರೂ ೧೦೮ಕ್ಕೆ ಫೋನು ಮಾಡಿ. ವಾಹನ ಬರುವವರೆಗೆ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ. ಅಂಗಾತ ಬಿಡಬೇಡಿ. ಒಂಟಿಯಾಗಿಯೂ ಬಿಡಬೇಡಿ.

ಎಚ್ಚರ ತಪ್ಪಿದವರ ಬಾಯಿಗೆ ಮಜ್ಜಿಗೆ, ನಿಂಬೆರಸ, ಹುಣಸೆನೀರು ಯಾವುದನ್ನೂ ಹಾಕಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ತಲೆಯ ಮೇಲೆ ತಣ್ಣೀರು ಸುರಿಯಬಾರದು. ಆಸ್ಪತ್ರೆಯಲ್ಲಿ ಮೆಥನಾಲ್ ವಿಷಕ್ಕೆ ಕೆಲವೊಮ್ಮೆ ಎಥನಾಲನ್ನೇ ಅಳತೆಯಿಂದ ಕೊಡುವುದುಂಟು. ಇದನ್ನು ಕೇಳಿ ಮನೆಯಲ್ಲಿ ಇನ್ನಷ್ಟು ಕುಡಿಸುವ ಸಾಹಸ ಮಾಡಿದರೆ ಪ್ರಾಣಕ್ಕೇ ಅಪಾಯ.

ಕುಡಿದುಳಿದ ಬಾಟಲಿ, ಪಾಕೀಟು, ಲೋಟವನ್ನು ತೊಳೆಯದೆ, ಎಸೆಯದೆ, ಹಾಗೆಯೇ ಮುಚ್ಚಿ ಜೊತೆಗೆ ಒಯ್ಯಿರಿ. ಬೀಜದ ಚೀಲವನ್ನು ಹೇಗೆ ಇಡುತ್ತೇವೋ ಹಾಗೆ.

ಆಸ್ಪತ್ರೆಯಲ್ಲಿ ಹೇಳಬೇಕಾದ ಎಂಟು ಸಂಗತಿ

ದಾರಿಯಲ್ಲೇ ಓದು ಬಲ್ಲವರೊಬ್ಬರು ಒಂದು ಕಾಗದದಲ್ಲಿ ಇವನ್ನು ಬರೆದಿಟ್ಟುಕೊಂಡರೆ ಗಾಬರಿಯಲ್ಲಿ ಮರೆಯುವುದಿಲ್ಲ.

೧. ಏನು ಕುಡಿದದ್ದು? ಅಂಗಡಿಯ ಮದ್ಯವೋ, ಕಳ್ಳಭಟ್ಟಿಯೋ, ಸ್ಪಿರಿಟ್ಟೋ, ಗೊತ್ತಿಲ್ಲವೋ? ಗೊತ್ತಿಲ್ಲವಾದರೆ ಹಾಗೆಯೇ ಹೇಳಿ.

೨. ಎಷ್ಟು ಕುಡಿದದ್ದು? ಲೋಟದ ಲೆಕ್ಕ ಸಾಕು.

೩. ಯಾವ ದಿನ, ಎಷ್ಟು ಗಂಟೆಗೆ?

೪. ಮೊದಲ ತೊಂದರೆ ಯಾವುದು, ಯಾವಾಗ ಆರಂಭವಾಯಿತು? ಕಣ್ಣಿನ ವಿಷಯವನ್ನು ತಪ್ಪದೆ ಹೇಳಿ.

೫. ಜೊತೆಯಲ್ಲಿ ಕುಡಿದವರು ಯಾರು? ಅವರು ಈಗ ಹೇಗಿದ್ದಾರೆ?

೬. ಬಿದ್ದು ತಲೆಗೆ ಪೆಟ್ಟಾಗಿದೆಯೇ? ಕುಡಿದ ವಾಸನೆಯ ಮರೆಯಲ್ಲಿ ತಲೆಯ ಪೆಟ್ಟು ಅಡಗಿಕೊಳ್ಳುವುದುಂಟು.

೭. ಕೀಟನಾಶಕ ಕುಡಿದಿರುವ ಅನುಮಾನವಿದೆಯೇ? ಇದಕ್ಕೆ ಕೊಡುವ ಮದ್ದೇ ಬೇರೆ. ಡಬ್ಬಿಯಿದ್ದರೆ ತೆಗೆದುಕೊಂಡು ಹೋಗಿ.

೮. ಸಕ್ಕರೆ ಕಾಯಿಲೆ ಮೊದಲಾದ ಹಳೆಯ ರೋಗಗಳೇನು? ಯಾವ ಔಷಧಿ ತೆಗೆದುಕೊಳ್ಳುತ್ತಿದ್ದರು? ಮನೆಯಲ್ಲಿ ಏನು ಕುಡಿಸಿದಿರಿ?

ಇವನ್ನು ಹೇಳಿದ ಮೇಲೆ, 'ಸ್ವಾಮಿ, ಇದನ್ನು ಚೀಟಿಯಲ್ಲಿ ಬರೆದುಕೊಳ್ಳಿ' ಎಂದು ವಿನಯದಿಂದ ಕೇಳಿಕೊಳ್ಳಿ. ಚಿಕ್ಕ ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಕಳುಹಿಸಿದಾಗ ನಿಮಗಿಂತ ಮೊದಲು ಮಾತನಾಡುವುದು ಆ ಚೀಟಿಯೇ. ಬಂದ ಹೊತ್ತು, ಉಸಿರು, ನಾಡಿ, ಎಚ್ಚರ, ದೃಷ್ಟಿ, ರಕ್ತ ತೆಗೆದ ಹೊತ್ತು, ಕೊಟ್ಟ ಔಷಧಿ ಇವೆಲ್ಲ ಅದರಲ್ಲಿದ್ದರೆ ಮುಂದಿನ ವೈದ್ಯರು ಮೊದಲಿನಿಂದ ಹುಡುಕಬೇಕಾಗಿಲ್ಲ.

ಪೊಲೀಸರ ಭಯ

ವಿಷವೇರಿದ ಪ್ರಕರಣವನ್ನು ವೈದ್ಯರು ವೈದ್ಯ-ಕಾನೂನು ಪ್ರಕರಣವೆಂದು ದಾಖಲೆ ಮಾಡಿ ಪೊಲೀಸರಿಗೆ ತಿಳಿಸುತ್ತಾರೆ. ಆಸ್ಪತ್ರೆಯಲ್ಲಿ ಇದನ್ನು 'ಎಂ.ಎಲ್.ಸಿ.' ಎನ್ನುವುದನ್ನು ನೀವು ಕೇಳಿರಬಹುದು. ಈ ಮೂರು ಅಕ್ಷರಗಳಿಗೆ ಹೆದರಿಯೇ ಅನೇಕರು ಸುಳ್ಳು ಹೇಳುತ್ತಾರೆ. ಆದರೆ ಪೊಲೀಸರಿಗೆ ತಿಳಿಸುವ ತನಕ ಚಿಕಿತ್ಸೆ ನಿಲ್ಲತಕ್ಕದ್ದಲ್ಲ. ೧೯೮೯ರಲ್ಲಿ ಪರಮಾನಂದ ಕಟಾರಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ: ಪ್ರಾಣಾಪಾಯದಲ್ಲಿರುವವರಿಗೆ ಮೊದಲು ಚಿಕಿತ್ಸೆ, ಕಾನೂನಿನ ಕ್ರಮ ಅನಂತರ, ಸರ್ಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ವೈದ್ಯರಿಗೂ ಈ ಹೊಣೆಯಿದೆ.

ಪೊಲೀಸರ ವಿಚಾರಣೆಯಿಂದ ತೊಂದರೆಯೇ ಇಲ್ಲವೆಂದು ನಾನು ಹೇಳಲಾರೆ. ಹೇಳಿಕೆ ಕೊಡಬೇಕು, ಠಾಣೆಗೆ ಅಲೆಯಬೇಕು. ಆದರೆ ವಿಷ ಮಾರಿದವನನ್ನು ಹಿಡಿಯಲು ಮೊದಲ ಹೆಜ್ಜೆ ಆ ದಾಖಲೆಯೇ. ಅದಿಲ್ಲವಾದರೆ ಅವನು ನಾಳೆ ಇನ್ನೊಂದು ಊರಿನಲ್ಲಿ ಮಾರುತ್ತಾನೆ.

ಪದಕ್ಕೊಂದು ಸಂಖ್ಯೆ

ಈಗ ಕಾಗದ ಮುಂದೆ ಎಲ್ಲಿಗೆ ಹೋಗುತ್ತದೆಂದು ನೋಡೋಣ. ವೈದ್ಯರು ಬರೆದ ರೋಗದ ಹೆಸರಿಗೆ ಒಂದು ಸಂಕೇತ ಸಂಖ್ಯೆ ಹಾಕುತ್ತಾರೆ. ಇದನ್ನೇ 'ಕೋಡಿಂಗ್' ಎನ್ನುವುದು. ಒಬ್ಬರು 'ಸಾರಾಯಿ ವಿಷ' ಎಂದೂ ಇನ್ನೊಬ್ಬರು 'ಸ್ಪಿರಿಟ್ ವಿಷ' ಎಂದೂ ಬರೆದರೆ ಲೆಕ್ಕ ಕೂಡಿಸುವುದು ಕಷ್ಟ. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಒಂದೇ ಪಟ್ಟಿಯನ್ನು ಮಾಡಿದೆ. ಅದರ ಹೆಸರು ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ. ಇದರ ಹತ್ತನೆಯ ಆವೃತ್ತಿಗೆ ೧೯೯೦ರಲ್ಲಿ ಒಪ್ಪಿಗೆ ದೊರೆಯಿತು. ಹನ್ನೊಂದನೆಯದು ೨೦೨೨ರ ಜನವರಿ ೧ರಿಂದ ಜಾರಿಗೆ ಬಂದಿದೆ. ನಮ್ಮ ದೇಶದ ಮರಣ ಕಾರಣಗಳ ವರದಿಗಳನ್ನು ಹತ್ತನೆಯದರ ಆಧಾರದಿಂದ ಸಿದ್ಧಪಡಿಸುತ್ತ ಬಂದಿದ್ದಾರೆ.

ಹತ್ತನೆಯ ಆವೃತ್ತಿಯಲ್ಲಿ ಮದ್ಯಸಾರದ ವಿಷಕ್ಕೆ 'ಟಿ ೫೧' ಎಂಬ ಮನೆಯಿದೆ. ಆ ಮನೆಯಲ್ಲಿ ಬೇರೆ ಬೇರೆ ಕೋಣೆಗಳು. ಎಥನಾಲ್ ವಿಷಕ್ಕೆ ಟಿ ೫೧.೦, ಮೆಥನಾಲ್ ವಿಷಕ್ಕೆ ಟಿ ೫೧.೧, ಯಾವ ಮದ್ಯಸಾರವೆಂದು ಬರೆಯದಿದ್ದರೆ ಟಿ ೫೧.೯.

ಇದರ ಜೊತೆಗೆ ಎರಡನೆಯ ಸಂಖ್ಯೆಯೊಂದುಂಟು. ಮೊದಲನೆಯದು 'ಏನಾಯಿತು' ಎಂದು ಹೇಳಿದರೆ ಎರಡನೆಯದು 'ಹೇಗಾಯಿತು' ಎಂದು ಹೇಳುತ್ತದೆ. ತಿಳಿಯದೆ ಆಕಸ್ಮಿಕವಾಗಿ ವಿಷವೇರಿದರೆ ಎಕ್ಸ್ ೪೫. ಪ್ರಾಣ ಕಳೆದುಕೊಳ್ಳಲೆಂದೇ ಕುಡಿದಿದ್ದರೆ ಎಕ್ಸ್ ೬೫. ಉದ್ದೇಶ ನಿರ್ಧಾರವಾಗದಿದ್ದರೆ ವೈ ೧೫. ಒಬ್ಬರು ಮೆಥನಾಲ್ ಬೆರೆತ ಸಾರಾಯಿ ಕುಡಿದು ಆಕಸ್ಮಿಕವಾಗಿ ತೀರಿಕೊಂಡರೆ ಟಿ ೫೧.೧ ಮತ್ತು ಎಕ್ಸ್ ೪೫ ಎರಡೂ ಬರಬೇಕು.

ಇನ್ನು ತಪ್ಪು ಪದ ಬಿದ್ದರೆ ಏನಾಗುತ್ತದೆ ನೋಡಿ:

'ಕುಡಿದು ಅಮಲಾಗಿತ್ತು' ಎಂದಷ್ಟೇ ಬರೆದರೆ ಎಫ್ ೧೦ರ ಸಾಲಿಗೆ ಹೋಗುತ್ತದೆ. ಅದು ಕುಡಿತದ ಚಟ, ಅಮಲುಗಳ ಸಾಲು, ವಿಷದ ಸಾಲಲ್ಲ.

'ಹೃದಯ ನಿಂತಿತು' ಎಂದರೆ ಐ ೪೬; 'ಹೃದಯ ದುರ್ಬಲವಾಯಿತು' ಎಂದರೆ ಐ ೫೦. ಹೃದ್ರೋಗದ ಲೆಕ್ಕಕ್ಕೆ ಸೇರಿತು.

'ವಾಂತಿಭೇದಿ' ಎಂದರೆ ಎ ೦೯. ಊರಿನ ಕುಡಿಯುವ ನೀರಿನ ಮೇಲೆ ಅನುಮಾನ ಬಂತು. ಭಟ್ಟಿಯ ಮೇಲೆ ಬರಲಿಲ್ಲ.

ಕೀಟನಾಶಕದ ವಿಷಕ್ಕೆ ಟಿ ೬೦. ಬಹುಕಾಲದ ಕುಡಿತದಿಂದ ಯಕೃತ್ತು ಕೆಟ್ಟದ್ದಕ್ಕೆ ಕೆ ೭೦. ಇವೂ ಬೇರೆಯೇ.

ಈ ಸಂಖ್ಯೆಗಳನ್ನು ನೀವು ಬಾಯಿಪಾಠ ಮಾಡಬೇಕಾಗಿಲ್ಲ. ನೀವು ತಿಳಿಯಬೇಕಾದದ್ದು ಇಷ್ಟೆ: ಸಂಖ್ಯೆ ಹಾಕುವವರು ರೋಗಿಯ ಮುಖ ನೋಡಿದವರಲ್ಲ. ಕಾಗದದಲ್ಲಿ ಇರುವುದಕ್ಕೆ ಸಂಖ್ಯೆ ಹಾಕುವುದು ಅವರ ಕೆಲಸ; ಊಹೆ ಮಾಡುವ ಅಧಿಕಾರ ಅವರಿಗಿಲ್ಲ. ಹೊಲದಲ್ಲಿ ಜೋಳ ಬೆಳೆದು ಪಹಣಿಯಲ್ಲಿ ರಾಗಿ ಎಂದಿದ್ದರೆ ಪರಿಹಾರದ ಲೆಕ್ಕ ರಾಗಿಗೇ ಆಗುತ್ತದಲ್ಲವೇ? ಇದೂ ಹಾಗೆಯೇ.

ಸಾವು ಸಂಭವಿಸಿದರೆ

ಆಸ್ಪತ್ರೆಯಲ್ಲಿ ಸಾವಾದರೆ ಮರಣದ ಕಾರಣವನ್ನು ನಮೂನೆ ೪ರಲ್ಲಿಯೂ, ವೈದ್ಯರು ನೋಡಿದ್ದ ರೋಗಿ ಮನೆಯಲ್ಲಿ ತೀರಿಕೊಂಡರೆ ನಮೂನೆ ೪-ಎ ಯಲ್ಲಿಯೂ ಬರೆಯುತ್ತಾರೆ. ಅದರಲ್ಲಿ ಕಾರಣಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಮೇಲಿನ ಸಾಲಿನಲ್ಲಿ ಕೊನೆಗಳಿಗೆಯಲ್ಲಿ ಆದದ್ದು, ಕೆಳಗೆ ಅದಕ್ಕೆ ಕಾರಣ, ಎಲ್ಲಕ್ಕಿಂತ ಕೆಳಗೆ ಮೂಲ ಕಾರಣ. ಉದಾಹರಣೆಗೆ: ಉಸಿರಾಟ ವಿಫಲವಾಯಿತು, ಅದಕ್ಕೆ ಕಾರಣ ರಕ್ತ ಹುಳಿಯಾದದ್ದು, ಅದಕ್ಕೆ ಕಾರಣ ಮೆಥನಾಲ್ ಬೆರೆತ ಮದ್ಯದ ವಿಷ. ಲೆಕ್ಕಕ್ಕೆ ಮುಖ್ಯವಾದದ್ದು ಆ ತಳದ ಮೆಟ್ಟಿಲು. ಹೃದಯ ನಿಂತಿತೆಂಬುದು ಸಾವಿನ ಕಾರಣವಲ್ಲ, ಸಾವಿನ ರೀತಿ. ಸತ್ತವರೆಲ್ಲರ ಹೃದಯವೂ ನಿಲ್ಲುತ್ತದೆ. ರೀತಿಯನ್ನು ಬರೆಯದೆ ಕಾರಣವನ್ನು ಬರೆಯಬೇಕೆಂದು ನಮೂನೆಯಲ್ಲಿಯೇ ಸೂಚನೆಯಿದೆ.

ವಿಷದ ಸಾವು ಆಕಸ್ಮಿಕ ಅಥವಾ ಅನುಮಾನದ ಸಾವಾದ್ದರಿಂದ ಪೊಲೀಸರು ಶವದ ಪಂಚನಾಮೆ ಮಾಡುತ್ತಾರೆ. ೨೦೨೪ರ ಜುಲೈ ೧ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೯೪ನೆಯ ಕಲಮಿನಲ್ಲಿದೆ. ಹಿಂದೆ ದಂಡಪ್ರಕ್ರಿಯಾ ಸಂಹಿತೆಯ ೧೭೪ರಲ್ಲಿತ್ತು. ಅನಂತರ ಮರಣೋತ್ತರ ಪರೀಕ್ಷೆ. ಹೊಟ್ಟೆ, ಯಕೃತ್ತು ಮುಂತಾದ ಅಂಗಗಳ ತುಣುಕುಗಳನ್ನೂ ರಕ್ತವನ್ನೂ ರಾಸಾಯನಿಕ ಪರೀಕ್ಷೆಗೆ ಕಳುಹಿಸುತ್ತಾರೆ. ಅಂಗಗಳ ತುಣುಕುಗಳನ್ನು ಕೆಡದಂತೆ ಇಡಲು ಸಾಮಾನ್ಯ ವಿಷಗಳಲ್ಲಿ ಸ್ಪಿರಿಟ್ ಬಳಸುವುದುಂಟು. ಮದ್ಯದ ವಿಷವೆಂದು ಅನುಮಾನವಿದ್ದರೆ ಸ್ಪಿರಿಟ್ ಬಳಸುವಂತಿಲ್ಲ, ಗಾಢವಾದ ಉಪ್ಪುನೀರನ್ನು ಬಳಸಬೇಕು. ಇಲ್ಲವಾದರೆ ದೇಹದಲ್ಲಿದ್ದ ಮದ್ಯ ಯಾವುದು, ಜಾಡಿಗೆ ಸುರಿದದ್ದು ಯಾವುದು ಎಂಬುದು ಗೊಂದಲವಾಗುತ್ತದೆ. ಮನೆಯವರು ನಿಜ ಮುಚ್ಚಿಟ್ಟರೆ ಕೊನೆಯ ಸಾಕ್ಷಿಯೂ ಹೇಗೆ ಕೆಡಬಹುದೆಂಬುದಕ್ಕೆ ಇದೊಂದೇ ಸಾಕು.

ಪ್ರಯೋಗಶಾಲೆಯ ವರದಿ ಬರಲು ಕಾಲ ಬೇಕು. ಅಲ್ಲಿಯವರೆಗೆ ವೈದ್ಯರು ಕಾರಣ ತನಿಖೆಯಲ್ಲಿದೆ ಎಂದು ಬರೆದಿದ್ದರೆ ಅದು ತಪ್ಪಲ್ಲ. ವರದಿ ಬಂದ ಮೇಲೆ ಅಂತಿಮ ಅಭಿಪ್ರಾಯವನ್ನು ವಿಚಾರಿಸಿ ಅದರ ಪ್ರತಿಯನ್ನು ಪಡೆಯುವುದನ್ನು ಮರೆಯಬೇಡಿ.

ಮರಣವನ್ನು ೨೧ ದಿನಗಳೊಳಗೆ ನೋಂದಾಯಿಸಬೇಕೆಂಬುದು ೧೯೬೯ರ ಜನನ ಮರಣ ನೋಂದಣಿ ಕಾಯಿದೆಯ ನಿಯಮ. ಆಸ್ಪತ್ರೆಯಲ್ಲಿ ಆದ ಸಾವನ್ನು ಆಸ್ಪತ್ರೆಯವರು ತಿಳಿಸುತ್ತಾರೆ. ಮನೆಯಲ್ಲಿ ಆದ ಸಾವನ್ನು ಮನೆಯ ಯಜಮಾನರು ತಿಳಿಸಬೇಕು. ಮರಣ ಕಾರಣದ ವೈದ್ಯಕೀಯ ಪ್ರಮಾಣಪತ್ರಕ್ಕೆ ಶುಲ್ಕವಿಲ್ಲ. ೨೦೨೩ರ ತಿದ್ದುಪಡಿಯಂತೆ ಅದರ ಒಂದು ಪ್ರತಿ ಹತ್ತಿರದ ಬಂಧುವಿಗೂ ಸಿಗಬೇಕು. ನಮೂದಿನಲ್ಲಿ ತಪ್ಪಾಗಿದ್ದರೆ ಸರಿಯಾದ ಪುರಾವೆ ತೋರಿಸಿ ತಿದ್ದಿಸಲು ಕಾಯಿದೆಯ ೧೫ನೆಯ ಕಲಮಿನಲ್ಲಿ ಅವಕಾಶವಿದೆ.

ಮಾನದ ವಿಷಯ

'ಎಲ್ಲ ಸರಿ, ಗ್ರಾಮಸೇವಕರೇ. ಆದರೆ ಕುಡಿದು ಸತ್ತನೆಂದು ಸರ್ಕಾರಿ ಕಾಗದದಲ್ಲಿ ಬಿದ್ದರೆ ಆ ಮನೆಗೆ ಯಾರು ಹೆಣ್ಣು ಕೊಡುತ್ತಾರೆ?' ಎಂದು ಒಂದು ಕಟ್ಟೆಯ ಮೇಲೆ ಹಿರಿಯರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಅದೇ ಕಾಯಿದೆಯ ೧೭ನೆಯ ಕಲಮಿನಲ್ಲಿದೆ. ನೋಂದಣಿ ಕಚೇರಿಯಿಂದ ಕೊಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣವನ್ನು ತೋರಿಸುವಂತಿಲ್ಲ. ಪೌತಿ ಖಾತೆಗೆ, ಬ್ಯಾಂಕಿಗೆ, ಪಿಂಚಣಿಗೆ ನೀವು ಕೊಡುವ ಪ್ರಮಾಣಪತ್ರದಲ್ಲಿ ಹೆಸರು, ದಿನಾಂಕ, ಸ್ಥಳ ಮೊದಲಾದವು ಇರುತ್ತವೆ. ಹೇಗೆ ಸತ್ತರೆಂಬುದು ಇರುವುದಿಲ್ಲ. ಕಾರಣ ಬರೆದ ಕಾಗದ ಲೆಕ್ಕಕ್ಕೂ ತನಿಖೆಗೂ ಹೋಗುತ್ತದೆ; ಊರಿನ ಬಾಯಿಗೆ ಹೋಗುವುದಿಲ್ಲ. ಊರಿನ ಬಾಯಿಗೆ ಸಂಗತಿ ಹೇಗೂ ಮೊದಲೇ ಗೊತ್ತಿರುತ್ತದೆಂಬುದು ಬೇರೆ ಮಾತು.

ಸರಿಯಾಗಿ ಬರೆದರೆ ಯಾರಿಗೆ ಲಾಭ?

ಮೊದಲನೆಯದಾಗಿ, ಬದುಕಿರುವ ಇತರರಿಗೆ. ೧೯೮೧ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಪೂರಿತ ಸಾರಾಯಿ ಕುಡಿದು ೩೦೦ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ನಮ್ಮ ರಾಜ್ಯದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿ ಮಾರಾಟ ನಿಂತಿತು. ಆದರೂ ೨೦೦೮ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ ಕಳ್ಳ ಸಾರಾಯಿಯಿಂದ ೧೫೦ಕ್ಕೂ ಹೆಚ್ಚು ಜನ ಸತ್ತರು. ೨೦೨೪ರ ಜೂನ್ ತಿಂಗಳಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ೬೦ಕ್ಕೂ ಹೆಚ್ಚು ಜನ ಮೆಥನಾಲ್ ಬೆರೆತ ಸಾರಾಯಿಗೆ ಬಲಿಯಾದರು. ಮೊದಲು ತೀರಿಕೊಂಡವರ ಶವಸಂಸ್ಕಾರಕ್ಕೆ ಬಂದವರಲ್ಲಿ ಕೆಲವರು ಅದೇ ಸಾರಾಯಿಯನ್ನು ಕುಡಿದರೆಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಬಾಂಧವರೇ, ಈ ಒಂದು ಸಂಗತಿಯನ್ನು ಸಾವಧಾನವಾಗಿ ಯೋಚಿಸಿ. ಮೊದಲ ಸಾವಿನ ನಿಜವಾದ ಕಾರಣ ಆ ಗಳಿಗೆಯಲ್ಲೇ ಊರಿಗೆಲ್ಲ ತಿಳಿದರೆ ಆ ಲೋಟ ಎರಡನೆಯವನ ತುಟಿಗೆ ಹೋಗುವುದಿಲ್ಲ. ಅಂಗಮಾರಿ ಬಂದ ಮೊದಲ ಗಿಡವನ್ನು ಮರೆಮಾಡಿದರೆ ಇಡೀ ತೋಟಕ್ಕೆ ಹಬ್ಬುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡನೆಯದಾಗಿ, ಉಳಿದ ಮನೆಯವರಿಗೆ. ಕಲ್ಲಕುರಿಚಿಯಲ್ಲಿ ಮೃತರ ಕುಟುಂಬಗಳಿಗೆ ತಲಾ ೧೦ ಲಕ್ಷ ರೂಪಾಯಿ, ಚಿಕಿತ್ಸೆಯಲ್ಲಿದ್ದವರಿಗೆ ತಲಾ ೫೦,೦೦೦ ರೂಪಾಯಿ ಪರಿಹಾರವನ್ನು ಅಲ್ಲಿನ ಸರ್ಕಾರ ಘೋಷಿಸಿತು. ಬಿಹಾರದಲ್ಲಿ ೨೦೧೬ರಿಂದ ಕಳ್ಳ ಸಾರಾಯಿಯಿಂದ ಸತ್ತವರ ಕುಟುಂಬಗಳಿಗೆ ತಲಾ ೪ ಲಕ್ಷ ರೂಪಾಯಿ ಕೊಡುವುದಾಗಿ ೨೦೨೩ರ ಏಪ್ರಿಲ್ ತಿಂಗಳಲ್ಲಿ ಅಲ್ಲಿನ ಮುಖ್ಯಮಂತ್ರಿಗಳು ಪ್ರಕಟಿಸಿದರು. ವರ್ಷಗಳ ಹಿಂದೆ 'ಎದೆನೋವು' ಎಂದು ಬರೆಯಿಸಿ, ಮರಣೋತ್ತರ ಪರೀಕ್ಷೆಯಿಲ್ಲದೆ ದಹನ ಮಾಡಿದ ಮನೆಯವರು ಅಂಥ ದಿನ ಯಾವ ಕಾಗದವನ್ನು ತೋರಿಸಬೇಕು? ಪರಿಹಾರ ಪ್ರತಿ ಸಲವೂ ಸಿಗುತ್ತದೆಂದು ಆಸೆ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಸಿಗುವ ಕಾಲ ಬಂದರೆ ಸುಳ್ಳು ಕಾಗದ ಅಡ್ಡ ಬರುತ್ತದೆ ಎಂದಷ್ಟೇ ನನ್ನ ಮಾತು.

ಮೂರನೆಯದಾಗಿ, ಇಡೀ ನಾಡಿಗೆ. ಎಲ್ಲಿ ಎಷ್ಟು ಜನ ಇದರಿಂದ ಸಾಯುತ್ತಿದ್ದಾರೆಂದು ತಿಳಿದರೆ ತಾನೆ ಯಾವ ಜಿಲ್ಲೆಯ ಆಸ್ಪತ್ರೆಯಲ್ಲಿ ಮದ್ದನ್ನು ಇಡಬೇಕು, ಎಲ್ಲಿ ಡಯಾಲಿಸಿಸ್ ಯಂತ್ರ ಬೇಕು, ಎಲ್ಲಿ ಅಬಕಾರಿಯವರ ಕಾವಲು ಬಿಗಿಯಾಗಬೇಕು ಎಂದು ತಿಳಿಯುವುದು? ಕಾಗದದಲ್ಲಿ ಇಲ್ಲದ ಸಾವು ಯೋಜನೆಯಲ್ಲಿಯೂ ಇರುವುದಿಲ್ಲ.

ನಾವು ಮಾಡಬಹುದಾದ ಕೆಲಸ

೧. ಪಂಚಾಯಿತಿ ಕಚೇರಿ, ಹಾಲಿನ ಡೇರಿ, ಶಾಲೆಯ ಗೋಡೆಗಳ ಮೇಲೆ ೧೦೮ ಸಂಖ್ಯೆಯನ್ನೂ ಮೇಲೆ ಹೇಳಿದ ಅಪಾಯದ ಲಕ್ಷಣಗಳನ್ನೂ ಬರೆಯಿಸಿ.

೨. ಆಶಾ ಕಾರ್ಯಕರ್ತೆಯರೂ ಸ್ತ್ರೀಶಕ್ತಿ ಸಂಘದ ತಾಯಂದಿರೂ ಎಂಟು ಸಂಗತಿಗಳ ಪಟ್ಟಿಯನ್ನು ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಆಸ್ಪತ್ರೆಯಲ್ಲಿ ನಿಜ ಹೇಳುವ ಧೈರ್ಯ ಅನೇಕ ವೇಳೆ ಅವರಿಗೇ ಇರುವುದನ್ನು ನಾನು ಕಂಡಿದ್ದೇನೆ.

೩. ಒಬ್ಬರಿಗೆ ವಿಷವೇರಿದರೆ ಅವರ ಜೊತೆ ಕುಡಿದ ಎಲ್ಲರನ್ನೂ ಅದೇ ದಿನ ಹುಡುಕಿ, ಚೆನ್ನಾಗಿದ್ದರೂ ಆಸ್ಪತ್ರೆಗೆ ತೋರಿಸಿ. ಉಳಿದವರಿಗೆಲ್ಲ ಕುಡಿಯಬೇಡಿರೆಂದು ಹೇಳಿ ಕಳುಹಿಸಿ.

೪. ಆಸ್ಪತ್ರೆಯ ಚೀಟಿ, ಪರೀಕ್ಷೆಯ ವರದಿ, ಬಿಡುಗಡೆಯ ಸಾರಾಂಶ ಎಲ್ಲವನ್ನೂ ಪಹಣಿ, ಪಾಸ್‌ಬುಕ್ಕುಗಳ ಜೊತೆಯಲ್ಲಿ ಜೋಪಾನ ಮಾಡಿ.

೫. ಅನುಮಾನದ ಸಾವಾದರೆ ಅವಸರದಿಂದ ದಹನವನ್ನಾಗಲಿ ಮಣ್ಣನ್ನಾಗಲಿ ಮಾಡಬೇಡಿ. ೧೧೨ಕ್ಕೆ ತಿಳಿಸಿ.

ಕುಡಿಯಬೇಡಿರೆಂದು ಈ ಪಾಠದಲ್ಲಿ ನಾನು ಉಪದೇಶ ಮಾಡಲಿಲ್ಲ. ಕುಡಿಯದಿರುವುದೇ ಮೇಲೆಂದು ನಿಮಗೂ ಗೊತ್ತು, ಕುಡಿಯುವವರಿಗೂ ಗೊತ್ತು. ನನ್ನ ಬೇಡಿಕೆ ಚಿಕ್ಕದು. ನಮ್ಮವರೊಬ್ಬರು ಮಂಚದ ಮೇಲೆ ಮಲಗಿರುವಾಗ ವೈದ್ಯರು 'ಏನು ಕುಡಿದಿದ್ದರು?' ಎಂದು ಕೇಳಿದರೆ, ಒಬ್ಬರ ಮುಖವನ್ನೊಬ್ಬರು ನೋಡದೆ ಇದ್ದದ್ದನ್ನು ಇದ್ದ ಹಾಗೆ ಹೇಳೋಣ. ಮುಂದಿನ ಸಲ ಅಂಥ ಕಡೆ ನಾನಿದ್ದರೆ ಸುಮ್ಮನೆ ನಿಲ್ಲುವುದಿಲ್ಲ. ನೀವೂ ನಿಲ್ಲಬೇಡಿ.

– ನಿಮ್ಮ ಗ್ರಾಮಸೇವಕ